ಗೃಹಶಿಕ್ಷಣವೂ ಪದವಿಯೂ

ನಮ್ಮ ನಗರದ ಪೂರ್ವಭಾಗದಲ್ಲಿ, ಎಂದರೆ ಹಿರಿಯರು ಇಂದಿಗೂ ದಂಡು ಎಂದೇ ಕರೆಯುವ ಶಿವಾಜಿನಗರ ಹಲಸೂರುಗಳು ಮೊದಲ್ಗೊಂಡು ಇಂದಿರಾನಗರ ಕೃಷ್ಣರಾಜಪುರಗಳವರೆಗಿನ ಪ್ರದೇಶದಲ್ಲಿ, ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತೇವೆಂದು ಹೇಳುವ ಕುಟುಂಬಗಳು ಅಲ್ಲೊಂದು ಇಲ್ಲೊಂದು ಕಾಣಬರುತ್ತಿವೆ. 2020ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಕೊರೋನಾ ಪಿಡುಗಿನ ನಿಮಿತ್ತ ಮುಚ್ಚಿದ ಶಾಲೆಗಳು, ಒಂದರಿಂದ ಐದನೆಯ ತರಗತಿಯ ಮಕ್ಕಳ ಮಟ್ಟಿಗೆ, 2021ನೆಯ ಇಸವಿ ಅಕ್ಟೋಬರ್ ಕೊನೆಯವರೆಗೂ ತೆರೆಯಲಿಲ್ಲ. ಆ ಹತ್ತೊಂಬತ್ತು ತಿಂಗಳು ರಾಜ್ಯದ ಪ್ರತಿಯೊಂದು ಮನೆಯೂ ಬೇಕಿರಲಿ ಬೇಡವಿರಲಿ ಪಾಠಶಾಲೆಯೇ ಆಗಿತ್ತು. ಬಹುಜನರು ಬಾಗಿಲು ತೆರೆದ ದಿನವೇ ಮಕ್ಕಳನ್ನು ಕೈಹಿಡಿದು ಕರೆದೊಯ್ದು ಬಿಟ್ಟು ನಿಟ್ಟುಸಿರೆಳೆದರು. ಕೆಲವರು ಮಾತ್ರ, ನಡೆದುಬಂದ ಏರ್ಪಾಡೇ ಇರಲಿ ಎಂದರು. ಅಂತಹವರನ್ನು ಕಂಡಾಗ ನೆಂಟರೂ ನೆರೆಯವರೂ ಕೇಳುವ ಪ್ರಶ್ನೆ ಒಂದೇ: ಓದು ಹೇಗೋ ಆದೀತು, ಹುಡುಗನು ಪದವೀಧರನಾಗುವುದು ಹೇಗೆ?

ಪ್ರಶ್ನೆಯು ಉಚಿತವಾದದ್ದೇ. ಅದನ್ನು ಕೇಳುವ ಸ್ಥಳವೂ ಸಾಮಾನ್ಯವಾದುದಲ್ಲ. ಈ ದಂಡು ಶಾಲೆಗಳಿಗೆ ಹೆಸರಾದ ಊರು. ಸಂತ ಜೋಸೆಫರ ವಿದ್ಯಾಸಂಸ್ಥೆ 1858ರದು, ಬಿಷಪ್ ಕಾಟನ್ ಶಾಲೆ 1865ರದು, ಬಾಲ್ಡ್‌ವಿನ್ ಶಾಲೆ 1880ರದು. ಹಲಸೂರು ಕೆರೆಯ ಸಮೀಪದಲ್ಲಿ ಇಂದಿಗೂ ನಡೆಯುತ್ತಿರುವ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳನ್ನು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡ ಮಕ್ಕಳಿಗಾಗಿಯೇ ಆರಂಭಿಸಿದರು. ಮಗುವು ಹುಟ್ಟುವ ಮೊದಲೇ ಶಾಲೆಯ ಅರ್ಜಿಯ ಯೋಚನೆ ಮಾಡುವ ಈ ಪ್ರಾಂತದಲ್ಲಿ ಶಾಲೆಯೇ ಬೇಡವೆನ್ನುವವನನ್ನು ಜನ ವಿಚಿತ್ರವಾಗಿ ನೋಡುವುದು ಸಹಜ. ಆದರೆ ಇದೇ ದಂಡಿನಲ್ಲಿ 1896ರಲ್ಲಿ ಬಂದಿಳಿದ ಇಪ್ಪತ್ತೊಂದು ವರ್ಷದ ಒಬ್ಬ ಕುದುರೆಸವಾರ ಅಧಿಕಾರಿಯು, ತನಗೆ ವಿಶ್ವವಿದ್ಯಾನಿಲಯದ ಓದು ದೊರೆಯಲಿಲ್ಲವೆಂದು ನೊಂದು, ತಾಯಿಯಿಂದ ಗಿಬ್ಬನ್ ಮೆಕಾಲೆಗಳ ಸಂಪುಟಗಳನ್ನು ತರಿಸಿಕೊಂಡು ದಿನಕ್ಕೆ ನಾಲ್ಕೈದು ಗಂಟೆ ಓದುತ್ತಿದ್ದನು. ಆತನೇ ವಿನ್‌ಸ್ಟನ್ ಚರ್ಚಿಲ್. ಆ ಓದಿನಿಂದ ಆತನ ಇಂಗ್ಲಿಷು ಉತ್ತಮವಾಯಿತೇ ಹೊರತು ಭರತಖಂಡದ ವಿಷಯದಲ್ಲಿ ಆತನ ಬುದ್ಧಿ ಎಳ್ಳಷ್ಟೂ ತಿಳಿಯಾಗಲಿಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ಕ್ಲಬ್ಬಿಗೆ ಕೊಡಬೇಕಾದ ಹದಿಮೂರು ರೂಪಾಯಿಯನ್ನೂ ಕೊಡದೆ ಹೋದನು. ಅದಿರಲಿ.

ಮನೆಯ ವಿದ್ಯೆಯು ಪಶ್ಚಿಮದಿಂದ ಮೊನ್ನೆ ಬಂದಿಳಿದ ಸರಕೆಂದು ಅದರ ಪಕ್ಷದವರೂ ಪ್ರತಿಪಕ್ಷದವರೂ ಒಂದೇ ರೀತಿಯಲ್ಲಿ ಭಾವಿಸಿರುವಂತೆ ತೋರುತ್ತದೆ. ಕನ್ನಡನಾಡಿನ ಮಟ್ಟಿಗೆ ಇದು ಸುಳ್ಳು. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಹೆಂಗಸಿಗೆ ಶಾಸ್ತ್ರವನ್ನು ಹೇಳಿಕೊಟ್ಟರೆಂದು ಬಂಧುಗಳೂ ಪಂಡಿತರೂ ತಿರುಗಿಬಿದ್ದರು. ಶಾಸ್ತ್ರಿಗಳು ಶಾಸ್ತ್ರಾಧಾರದಿಂದಲೇ ಉತ್ತರ ಹೇಳಿ, ಸಂಸಾರವನ್ನು ಗಂಗಾಮೂಲದ ಕಾಡಿಗೆ ಒಯ್ದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳು ರಮಾಬಾಯಿ. ಆಕೆಗೆ ಪಾಠ ಹೇಳಿದವರು ತಂದೆಗಿಂತ ಹೆಚ್ಚಾಗಿ ತಾಯಿ. ಹಗಲೆಲ್ಲಾ ಮನೆಗೆಲಸದಲ್ಲಿ ಮುಳುಗಿದ ಆ ತಾಯಿ ನಸುಕಿನಲ್ಲಿಯೇ ಮಗಳನ್ನು ಎಬ್ಬಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಮುಂದೆ ಕುಟುಂಬವು ಪುರಾಣ ಹೇಳಿಕೊಂಡು ತೀರ್ಥಯಾತ್ರೆಯಲ್ಲಿ ಅಲೆಯಿತು; 1874ರ ಸುಮಾರಿನ ಕ್ಷಾಮದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಉಳಿದ ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಆ ಕನ್ಯೆಯನ್ನು ಪರೀಕ್ಷಿಸಿ 'ಪಂಡಿತಾ' ಎಂದೂ 'ಸರಸ್ವತೀ' ಎಂದೂ ಬಿರುದಿತ್ತರು. ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಆಕೆಯ ಹೆಸರಿರಲಿಲ್ಲ. 1882ರಲ್ಲಿ ಹಂಟರ್ ವಿದ್ಯಾಭ್ಯಾಸ ಆಯೋಗವು ಸ್ತ್ರೀಶಿಕ್ಷಣದ ವಿಷಯದಲ್ಲಿ ಸಾಕ್ಷ್ಯ ಹೇಳಲು ಕರೆದವರಲ್ಲಿ ಆಕೆಯೂ ಒಬ್ಬರು.

ಇದು ಹಳೆಯ ಕಾಲದ ಮಾತು, ಆಗ ಪದವಿಯೆಂದರೆ ಪಂಡಿತರ ಬಾಯಿಯ ಮಾತು ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ನಮ್ಮ ನಗರದ ಬಸವನಗುಡಿಯ ಒಂದು ಮನೆಯನ್ನು ನೋಡೋಣ. ಭಾರತರತ್ನ ಸಿ. ಎನ್. ಆರ್. ರಾಯರು ಹುಟ್ಟಿದ್ದು 1934ರ ಜೂನ್ 30ರಂದು. ತಂದೆ ಹನುಮಂತ ನಾಗೇಶ ರಾಯರು ಶಾಲಾ ತನಿಖಾಧಿಕಾರಿಗಳು. ವಾಚಕರು ಇದನ್ನು ಎರಡು ಸಲ ಓದಬೇಕು. ಊರೂರು ತಿರುಗಿ ಶಾಲೆಗಳನ್ನು ಪರೀಕ್ಷಿಸುವುದು ಯಾರ ಉದ್ಯೋಗವೋ ಅವರ ಒಬ್ಬನೇ ಮಗನು ಪ್ರಾಥಮಿಕ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ! ಲೆಕ್ಕದಲ್ಲಿಯೂ ಪುರಾಣೇತಿಹಾಸಗಳಲ್ಲಿಯೂ ನಿಷ್ಣಾತರಾದ ತಾಯಿ ನಾಗಮ್ಮನವರೇ ಮಗನ ಗುರು. ಇಂಗ್ಲಿಷು ತಂದೆಯಿಂದ ಬಂದಿತು. 1940ರಲ್ಲಿ, ಆರನೆಯ ವಯಸ್ಸಿನಲ್ಲಿ, ಹುಡುಗನನ್ನು ನೇರವಾಗಿ ಮಾಧ್ಯಮಿಕ ಶಾಲೆಗೆ ಸೇರಿಸಿದರು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನು, ಆದರೂ ಸಹಪಾಠಿಗಳಿಗೆ ಗಣಿತವನ್ನೂ ಇಂಗ್ಲಿಷನ್ನೂ ಹೇಳಿಕೊಡುತ್ತಿದ್ದನು. 1944ರಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದಾಗ ತಂದೆ ಕೊಟ್ಟ ಬಹುಮಾನ ನಾಲ್ಕಾಣೆ. ಆಮೇಲೆ ಆಚಾರ್ಯ ಪಾಠಶಾಲೆಯ ಹೈಸ್ಕೂಲಿನಲ್ಲಿ, ಮಾತೃಭಾಷೆ ಕೈಬಿಡಬಾರದೆಂದು, ಕನ್ನಡ ಮಾಧ್ಯಮಕ್ಕೇ ಸೇರಿಸಿದರು. ಇಂಗ್ಲಿಷ್ ಸಂಭಾಷಣೆಗೆ ಮನೆಯಿತ್ತು. 1947ರಲ್ಲಿ ಎಸ್.ಎಸ್.ಎಲ್.ಸಿ., ಸೆಂಟ್ರಲ್ ಕಾಲೇಜಿನ ಮೂಲಕ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಆಗ ವಯಸ್ಸು ಹದಿನೇಳು.

ಈ ಕುಟುಂಬದ ಕ್ರಮದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಹುಡುಗನ ಅಸಾಧಾರಣ ಬುದ್ಧಿಯಲ್ಲ. ಅದು ದೇವರು ಕೊಟ್ಟದ್ದು, ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ. ಮನೆಯಲ್ಲಿ ಕಲಿಸಿದರೂ ಆ ತಂದೆತಾಯಿಗಳು ಪರೀಕ್ಷೆಯ ಬಾಗಿಲನ್ನು ಎಂದೂ ಮುಚ್ಚಲಿಲ್ಲವೆಂಬುದೇ ಮುಖ್ಯ. ಮನೆಯ ಓದು ಎಲ್ಲಿಯವರೆಗೆ ಸಾಗೀತು, ಎಲ್ಲಿ ಸಾರ್ವಜನಿಕ ಪರೀಕ್ಷೆಗೆ ಒಪ್ಪಿಸಬೇಕು ಎಂಬ ಲೆಕ್ಕ ಅವರಿಗೆ ತಿಳಿದಿತ್ತು. ತನಿಖಾಧಿಕಾರಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ಬಾಗಿಲನ್ನು ಮುಚ್ಚಿದರೆ ಏನಾಗುವುದೆಂಬುದಕ್ಕೆ ನಮ್ಮ ರಾಷ್ಟ್ರಪಿತನ ಮನೆಯೇ ನಿದರ್ಶನ. ಹೇಳಲು ಸಂಕೋಚವಾದರೂ ಹೇಳಲೇಬೇಕು, ಏಕೆಂದರೆ ಮಹಾತ್ಮರು ತಾವೇ ಅದನ್ನು ಮುಚ್ಚಿಡಲಿಲ್ಲ. 1897ರಲ್ಲಿ ಅವರು ಮಕ್ಕಳೊಡನೆ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಬಂದಾಗ ಯುರೋಪಿಯನ್ನರ ಶಾಲೆಗೆ ಮಕ್ಕಳನ್ನು ಸೇರಿಸುವ ಅನುಕೂಲ ಅವರಿಗೆ ವಿಶೇಷ ರಿಯಾಯಿತಿಯಾಗಿ ದೊರೆಯುವಂತಿತ್ತು. ಉಳಿದ ಭಾರತೀಯರ ಮಕ್ಕಳಿಗಿಲ್ಲದ ಸೌಕರ್ಯ ತಮ್ಮ ಮಕ್ಕಳಿಗೇಕೆಂದು ಬಿಟ್ಟರು. ತಿಂಗಳಿಗೆ ಏಳು ಪೌಂಡು ಕೊಟ್ಟು ಆಂಗ್ಲ ಮಹಿಳೆಯೊಬ್ಬಳನ್ನು ಪಾಠಕ್ಕಿಟ್ಟು ನೋಡಿದರು. ಜೋಹಾನ್ಸ್‌ಬರ್ಗಿನಲ್ಲಿ ಮನೆಗೂ ಕಚೇರಿಗೂ ನಡುವೆ ಐದು ಮೈಲಿ ನಡೆಯುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು ಗುಜರಾತಿಯಲ್ಲಿ ಮಾತಿನಿಂದಲೇ ಪಾಠ ಹೇಳಿದರು. ಶೀಲದ ಶಿಕ್ಷಣಕ್ಕೆ ಕೊರತೆಯಿರಲಿಲ್ಲ. ಆದರೆ ಎಂ.ಎ., ಬಿ.ಎ. ಆದವರನ್ನು, ಕೇವಲ ಮೆಟ್ರಿಕ್ಯುಲೇಷನ್ ಆದವರನ್ನು ಕಂಡಾಗಲೂ ತಮ್ಮ ಮಕ್ಕಳು ಶಾಲೆಯಿಲ್ಲದ ಕೊರತೆಯನ್ನು ಅನುಭವಿಸುತ್ತಾರೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಹಿರಿಯ ಮಗ ಹರಿಲಾಲನು 1911ರಲ್ಲಿ, ಇಪ್ಪತ್ತಮೂರು ವರ್ಷದವನಾಗಿ, ತಂದೆಯನ್ನು ಬಿಟ್ಟು ಅಹಮದಾಬಾದಿಗೆ ಹೋಗಿ ಮೆಟ್ರಿಕ್ಯುಲೇಷನ್ನಿಗೆ ಕುಳಿತನು. ತೇರ್ಗಡೆಯಾಗಲಿಲ್ಲ. ಆತನ ಮುಂದಿನ ಬಾಳು ಎಲ್ಲರೂ ಅರಿತದ್ದೇ. ಅದಕ್ಕೆಲ್ಲ ಶಾಲೆಯ ಅಭಾವವೊಂದೇ ಕಾರಣವೆಂದು ನಾವು ಹೇಳಲಾರೆವು. ಮಗನ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿಯಿತೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ತಂದೆಯು ತನ್ನ ತತ್ತ್ವಕ್ಕಾಗಿ ತಾನು ಬೆಲೆ ತೆರಬಹುದು. ಮಗನಿಂದ ತೆರಿಸಬಹುದೇ?

ಈಗ ಹಲಸೂರಿನ ನಮ್ಮ ತಂದೆಯ ವಿಷಯಕ್ಕೆ ಬರೋಣ. ಆತನು ಮಾಡುತ್ತಿರುವುದು ಕಾನೂನಿಗೆ ಸಮ್ಮತವೇ? 2002ರ ಎಂಬತ್ತಾರನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಿದ್ಯೆಯ ಹಕ್ಕನ್ನು ಕೊಟ್ಟಿತು. ಅವರಿಗೆ ವಿದ್ಯಾಭ್ಯಾಸದ ಅವಕಾಶವನ್ನು ಒದಗಿಸುವುದು ತಾಯ್ತಂದೆಗಳ ಕರ್ತವ್ಯವೆಂದೂ ಹೇಳಿತು. ಗಮನಿಸಿರಿ, ಇಲ್ಲಿ 'ವಿದ್ಯಾಭ್ಯಾಸ' ಎಂದಿದೆ, 'ಶಾಲೆ' ಎಂದಿಲ್ಲ. ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಶಾಸನದ ಹತ್ತನೆಯ ವಿಧಿಯು ಮಗುವನ್ನು ನೆರೆಯ ಶಾಲೆಗೆ ಸೇರಿಸುವುದೇ ತಾಯ್ತಂದೆಗಳ ಕರ್ತವ್ಯವೆನ್ನುತ್ತದೆ. ಸೇರಿಸದಿದ್ದರೆ? ಆ ಶಾಸನದಲ್ಲಿ ತಾಯ್ತಂದೆಗಳಿಗೆ ದಂಡವಿಲ್ಲ, ಶಿಕ್ಷೆಯಿಲ್ಲ. ದೆಹಲಿಯ ಹೈಕೋರ್ಟಿನಲ್ಲಿ ಈ ಪ್ರಶ್ನೆಯು ಎದ್ದಾಗ, 2012ರಲ್ಲಿ ಕೇಂದ್ರ ಸರಕಾರವು, ಸ್ವಇಚ್ಛೆಯಿಂದ ಮನೆಯ ವಿದ್ಯೆಯನ್ನು ಆರಿಸಿಕೊಂಡವರಿಗೆ ಶಾಸನವು ಅಡ್ಡಬರುವುದಿಲ್ಲವೆಂಬ ಅರ್ಥದ ಅಫಿಡವಿಟ್ಟನ್ನು ಸಲ್ಲಿಸಿತು. ಅಂತೂ ಕರ್ತವ್ಯವೂ ಉಂಟು, ಮಾಡದಿದ್ದರೆ ಅಡ್ಡಿಯೂ ಇಲ್ಲ! ಇಂಗ್ಲೆಂಡಿನವರು 1944ರ ತಮ್ಮ ಶಾಸನದಲ್ಲಿ, ಮಗುವಿಗೆ ತಕ್ಕ ವಿದ್ಯೆಯು ಶಾಲೆಯ ಹಾಜರಿಯಿಂದಾಗಲಿ 'ಅಥವಾ ಅನ್ಯಥಾ' ಆಗಲಿ ದೊರೆಯಬೇಕೆಂದು ಎರಡೇ ಪದಗಳನ್ನು ಸೇರಿಸಿ ತೊಡಕನ್ನು ಬಿಡಿಸಿಕೊಂಡರು. 1996ರ ಶಾಸನದಲ್ಲಿಯೂ ಆ ಪದಗಳನ್ನು ಉಳಿಸಿಕೊಂಡರು. ಜರ್ಮನಿಯಲ್ಲಿ 1938ರಿಂದ ಶಾಲೆಯ ಹಾಜರಿ ಕಡ್ಡಾಯ, ಮನೆಯ ವಿದ್ಯೆಗೆ ಇಂದಿಗೂ ಎಡೆಯಿಲ್ಲ. ಎರಡರಲ್ಲಿ ಯಾವುದು ಸರಿಯೆಂಬುದು ಬೇರೆ ಮಾತು. ಎರಡು ಕಡೆಯೂ ತಂದೆಗೆ ತನ್ನ ಸ್ಥಿತಿಯೇನೆಂದು ತಿಳಿದಿದೆ. ನಮ್ಮಲ್ಲಿ ತಿಳಿದಿಲ್ಲ.

ಹೀಗಿದ್ದರೂ ಪದವಿಯ ದಾರಿಯು ಮುಚ್ಚಿಲ್ಲವೆಂಬುದು ಸಂತೋಷದ ಸಂಗತಿ. 1989ರಲ್ಲಿ ಸ್ಥಾಪಿತವಾಗಿ 2002ರಲ್ಲಿ ಈಗಿನ ಹೆಸರನ್ನು ಪಡೆದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು, ಮೂರು, ಐದು, ಎಂಟನೆಯ ತರಗತಿಗಳಿಗೆ ಸಮನಾದ ಎ, ಬಿ, ಸಿ ಎಂಬ ಮೂರು ಹಂತಗಳನ್ನು ಇಟ್ಟಿದೆ. ಹದಿನಾಲ್ಕು ತುಂಬಿದ ಮಗುವು ನೇರವಾಗಿ ಅದರ ಸೆಕೆಂಡರಿ ಪರೀಕ್ಷೆಗೆ ಹೆಸರು ಕೊಡಬಹುದು. ಹಿಂದಿನ ಶಾಲೆಯ ಪತ್ರ ಇಲ್ಲದಿದ್ದಲ್ಲಿ, ಈ ಓದಿಗೆ ಬೇಕಾದಷ್ಟು ಕಲಿತಿದ್ದೇನೆಂಬ ಸ್ವಂತ ಹೇಳಿಕೆಯೇ ಸಾಕು. ಐದು ವಿಷಯಗಳು, ಐದು ವರ್ಷಗಳಲ್ಲಿ ಒಂಬತ್ತು ಸಲ ಕುಳಿತುಕೊಳ್ಳುವ ಅವಕಾಶ, ಒಮ್ಮೆ ತೇರ್ಗಡೆಯಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. ಆಮೇಲೆ ಸೀನಿಯರ್ ಸೆಕೆಂಡರಿ. ಅಲ್ಲಿಂದ ಮುಂದೆ ಸಾಮಾನ್ಯ ಕಾಲೇಜುಗಳೂ ಉಂಟು. ಮನೆಯಲ್ಲಿದ್ದೇ ಓದುವವರಿಗೆ 1985ರ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯವೂ 1996ರ ನಮ್ಮ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಉಂಟು. ಮುಕ್ತ ಶಾಲೆಯಿಂದ ಬಂದವರು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬಾರದೆಂಬ ನಿಯಮವನ್ನೂ 2018ರಲ್ಲಿ ದೆಹಲಿ ಹೈಕೋರ್ಟು ತಳ್ಳಿಹಾಕಿತು. 2010ರಲ್ಲಿ ದೆಹಲಿಯ ಹದಿನಾಲ್ಕು ವರ್ಷದ ಬಾಲಕನೊಬ್ಬನು, ವೈದ್ಯೆಯಾದ ತಾಯಿಯಿಂದ ಮನೆಯಲ್ಲಿಯೇ ಕಲಿತು, ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ದೇಶಕ್ಕೇ ಮೂವತ್ತಮೂರನೆಯವನಾಗಿ ಬಂದನು.

ಆದರೆ ಕರ್ನಾಟಕದಲ್ಲಿಯೇ ಒಂದು ಮುಳ್ಳುಬೇಲಿಯಿದೆ. ಇದರ ಕಡೆಗೆ ನಮ್ಮ ಅಧಿಕಾರಿ ವಾಚಕರ ಗಮನವನ್ನು ವಿಶೇಷವಾಗಿ ಸೆಳೆಯುತ್ತೇವೆ. ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವಿಧಿಸಿರುವ ಮುಖ್ಯ ಅರ್ಹತೆಯೆಂದರೆ, ಒಂದರಿಂದ ಹನ್ನೆರಡನೆಯ ತರಗತಿಯವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷಗಳನ್ನು ಈ ರಾಜ್ಯದ ಮಾನ್ಯ ವಿದ್ಯಾಸಂಸ್ಥೆಗಳಲ್ಲಿ ಕಳೆದಿರಬೇಕು. ಹೊರನಾಡಿನವರು ಇಲ್ಲಿನವರ ಸ್ಥಾನಗಳನ್ನು ಕಬಳಿಸಬಾರದೆಂಬ ಉದ್ದೇಶದ ಈ ನಿಯಮವನ್ನು ನಾವು ಸರ್ವಥಾ ಅನುಮೋದಿಸುತ್ತೇವೆ. ಆದರೆ ಹಲಸೂರಿನಲ್ಲಿ ಹುಟ್ಟಿ, ಸೋಮೇಶ್ವರನ ಗುಡಿಯ ಬೀದಿಯಲ್ಲಿ ಬೆಳೆದು, ಊರು ಬಿಟ್ಟು ಒಂದು ದಿನವೂ ಹೊರಗಿರದ ಮಗುವು, ಶಾಲೆಯ ಹಾಜರಿಯಿಲ್ಲವೆಂಬ ಒಂದೇ ಕಾರಣಕ್ಕೆ ಈ ಏಳು ವರ್ಷಗಳ ಲೆಕ್ಕವನ್ನು ತೋರಿಸಲಾರದು. ಬೇರೆ ಉಪನಿಯಮಗಳ ಆಸರೆಯನ್ನು ಅರಸುತ್ತಾ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ತನ್ನ ಊರಿನಲ್ಲಿಯೇ ಪರದೇಶಿ! ಮಗುವಿನ ಆರನೆಯ ವಯಸ್ಸಿನಲ್ಲಿ ಮನೆಪಾಠವನ್ನು ನಿಶ್ಚಯಿಸುವ ತಂದೆಗೆ ಹದಿನೆಂಟನೆಯ ವಯಸ್ಸಿನ ಈ ಬೇಲಿಯನ್ನು ಯಾರೂ ತೋರಿಸುವುದಿಲ್ಲ.

ಮನೆಯ ವಿದ್ಯೆಯ ಪಕ್ಷಪಾತಿಗಳಿಗೆ ಹಿತವಾಗದ ಎರಡು ಮಾತುಗಳನ್ನೂ ಹೇಳಬೇಕು. ಗಂಗಾಮೂಲದಲ್ಲಿಯೂ ಬಸವನಗುಡಿಯಲ್ಲಿಯೂ ಪಾಠ ಹೇಳಿದವರು ತಾಯಂದಿರು. ದೆಹಲಿಯಲ್ಲಿಯೂ ಹಾಗೆಯೇ. 'ಕುಟುಂಬವು ಕಲಿಸಿತು' ಎಂದು ಬರೆಯುವುದು ಸುಲಭ, ಕಲಿಸಿದ್ದು ಒಬ್ಬ ಹೆಂಗಸಿನ ನಸುಕು, ಹಗಲು, ರಾತ್ರಿ. ಇಂದಿರಾನಗರದಲ್ಲಿ ಇಬ್ಬರು ಸಂಪಾದಿಸುವ ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಸಂಸಾರ ನಡೆದೀತು. ಕೃಷ್ಣರಾಜಪುರದ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಿ ಕೆಲಸ ಬಿಟ್ಟರೆ ಒಲೆ ಉರಿಯದು. ಆಕೆಯ ಮಗುವಿಗೆ ಶಾಲೆಯೇ ಗತಿ, ಒಳ್ಳೆಯ ಶಾಲೆಯೇ ಬೇಕು. ಆದ್ದರಿಂದ ಕೆಲವರು ಶಾಲೆಯನ್ನು ಬಿಟ್ಟರೆಂದು ಸರಕಾರಿ ಶಾಲೆಯ ಮೇಲಿನ ಖರ್ಚಿನಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಕೂಡದು.

ಎರಡನೆಯದು ಇದಕ್ಕಿಂತ ಕಠಿಣವಾದದ್ದು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಶಾಸನವು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಮನೆಯವರ ಕಸುಬಿಗೆ ನೆರವಾಗುವುದನ್ನು ಮಾತ್ರ, ಅದೂ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ, ಒಪ್ಪುತ್ತದೆ. ಶಾಲೆಗೇ ಹೋಗದ ಮಗುವಿಗೆ ಶಾಲೆಯ ವೇಳೆ ಯಾವುದು? ಶಿವಾಜಿನಗರದ ಗಲ್ಲಿಗಳಲ್ಲಿ ಹಳೆಯ ಮೋಟಾರು ಭಾಗಗಳ ಅಂಗಡಿಯಲ್ಲಿ ಕುಳಿತ ಹುಡುಗನ ವಿಷಯದಲ್ಲಿ, ಅಡಿಗೆಮನೆಯಿಂದ ಹೊರಬರದ ಹುಡುಗಿಯ ವಿಷಯದಲ್ಲಿ, 'ಮನೆಯಲ್ಲಿಯೇ ಓದಿಸುತ್ತೇವೆ ಸ್ವಾಮಿ' ಎಂದು ಹೇಳಿಬಿಟ್ಟರೆ ಕೇಳುವವರಾರು? ಇಂದಿರಾನಗರದ ವಿದ್ಯಾವಂತನ ಸ್ವಾತಂತ್ರ್ಯವು ಶಿವಾಜಿನಗರದ ಮಗುವಿಗೆ ಬೇಡಿಯಾಗಬಾರದು. ಆದ ಕಾರಣ, ಸರಕಾರವು ನಮ್ಮನ್ನು ಕೇಳಬಾರದು, ನಮ್ಮಷ್ಟಕ್ಕೆ ಬಿಡಬೇಕು ಎನ್ನುವ ಕೆಲವು ಮಹಾಶಯರ ವಾದವನ್ನು ನಾವು ಒಪ್ಪಲಾರೆವು.

ಕನ್ನಡದ ಮಾತೂ ಇಲ್ಲಿಯೇ ಬರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಶಾಸನವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕೆಂದು ವಿಧಿಸಿತು. ಮನೆಯ ಪಾಠಶಾಲೆಯು ಅದರ ಕೈಗೆ ಸಿಕ್ಕುವುದಿಲ್ಲ. ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳ ನಡುವೆ ಕನ್ನಡವು ತನ್ನ ಮನೆಯಲ್ಲಿಯೇ ಅತಿಥಿಯಂತಿದ್ದ ಈ ದಂಡಿನ ಪ್ರದೇಶದಲ್ಲಿ ಶಾಲೆಯ ಕನ್ನಡವೂ ತಪ್ಪಿದರೆ ಮಗುವಿಗೆ ಊರಿನ ಭಾಷೆ ಬರುವುದೆಲ್ಲಿಂದ? ಮುಕ್ತ ಶಾಲೆಯ ಸೆಕೆಂಡರಿ ಪರೀಕ್ಷೆಯ ಭಾಷಾವಿಷಯಗಳಲ್ಲಿ ಕನ್ನಡವೂ ಉಂಟು, ಆರಿಸಿಕೊಂಡರೆ ಬೇಡವೆನ್ನುವವರಿಲ್ಲ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಇಂಗ್ಲಿಷ್ ಎಂದು ಬಸವನಗುಡಿಯ ಆ ತನಿಖಾಧಿಕಾರಿಗಳು ಹಂಚಿಟ್ಟ ಕ್ರಮವನ್ನು ತಿರುಗಿಸಿ ನಡೆಸಲು ಇಂದಿನ ಗೃಹಸ್ಥರಿಗೆ ಅಡ್ಡಿಯೇನೂ ನಮಗೆ ಕಾಣದು.

ವಿದ್ಯಾ ಇಲಾಖೆಯು ಮಾಡಬೇಕಾದದ್ದು ಬೆಟ್ಟ ಕೀಳುವ ಕೆಲಸವಲ್ಲ. ಪ್ರತಿಯೊಂದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಮನೆಯಲ್ಲಿ ಓದುವ ಮಕ್ಕಳ ಒಂದು ದಾಖಲೆ ಪುಸ್ತಕವಿರಲಿ. ವರ್ಷಕ್ಕೊಮ್ಮೆ ಒಬ್ಬ ಅನುಭವಿ ಉಪಾಧ್ಯಾಯರು ಮಗುವನ್ನು ಕಂಡು, ಓದು ಬರಹ ಲೆಕ್ಕಗಳನ್ನೂ ಕನ್ನಡವನ್ನೂ ನೋಡಿ, ಒಂದು ಪತ್ರವನ್ನು ಕೊಡಲಿ. ಮಗುವು ಹಿಂದೆ ಬಿದ್ದಿದ್ದರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬ ಶಿಕ್ಷಣ ಹಕ್ಕಿನ ಶಾಸನದ ನಾಲ್ಕನೆಯ ವಿಧಿಯು ಇದ್ದೇ ಇದೆ. ಹೀಗೆ ದೊರೆತ ಏಳು ಪತ್ರಗಳನ್ನು ಪರೀಕ್ಷಾ ಪ್ರಾಧಿಕಾರವು ಏಳು ವರ್ಷಗಳ ಓದೆಂದು ಎಣಿಸಲಿ. ಶಾಸಕರು ಮನಸ್ಸು ಮಾಡಿದರೆ ಇದಕ್ಕೆ ಒಂದು ಅಧಿವೇಶನ ಸಾಕು. ಮಾಡುವವರೆಗೆ ತಾಯ್ತಂದೆಗಳು ಜನನಪತ್ರ, ವಾಸಸ್ಥಳದ ದಾಖಲೆ, ವರ್ಷವರ್ಷದ ನೋಟುಪುಸ್ತಕಗಳನ್ನು ಜೋಪಾನವಾಗಿಟ್ಟುಕೊಂಡು, ಮಗುವಿಗೆ ಹದಿನಾಲ್ಕು ತುಂಬುವ ಮೊದಲೇ ಯಾವ ಪರೀಕ್ಷೆಯೆಂದು ನಿಶ್ಚಯಿಸತಕ್ಕದ್ದು. ಸದ್ಯಕ್ಕೆ ಹಲಸೂರಿನ ಆ ತಂದೆಯು ತನ್ನ ಮಗಳು ಓದುತ್ತಿದ್ದಾಳೆಂದು ಬರೆಯಿಸಿಕೊಳ್ಳಿರೆಂದು ಕೇಳಿಕೊಂಡು ಹೋದರೂ ಬರೆದುಕೊಳ್ಳುವ ಪುಸ್ತಕವು ಯಾವ ಮೇಜಿನ ಮೇಲೂ ಇಲ್ಲ.